ರೈಡರ್‌ನ ಮಂಡಿ ನೋಡಿ ಮುಂಗಡ ಕೊಡಿ!

ಕಡೂರು, ತರೀಕೆರೆ, ಅಜ್ಜಂಪುರ: ಯಾವ ಊರಿನ ಅಂಗಡಿ ಸಾಲಾದರೂ ಸರಿ. ಗಣಪತಿ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ ಹತ್ತಿರ ಬಂತೆಂದರೆ ಚಂದಾ ಪುಸ್ತಕ ಹಿಡಿದ ಹುಡುಗರು ಮೆಟ್ಟಿಲು ಹತ್ತುತ್ತಾರೆ. 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಅಣ್ಣ, ನಮ್ಮೂರ ಟೀಮಿಗೆ ಏನಾದ್ರೂ ಬರೀರಿ' ಅಂತಾರೆ. ಅಂಗಡಿಯವರು ಗೊಣಗುತ್ತಾ ಐನೂರೋ ಸಾವಿರವೋ ಬರೆಯುತ್ತಾರೆ. ರಸೀದಿ ಹರಿದು ಕೈಗೆ ಬರುತ್ತದೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ.

ಅದರಲ್ಲಿ ದೊಡ್ಡ ಪಾಲು ಹೋಗುವುದು ಒಬ್ಬನಿಗೆ. ಅವನೇ ರೈಡರ್! ಎದುರಾಳಿ ಅಂಕಣಕ್ಕೆ ನುಗ್ಗಿ ಪಾಯಿಂಟ್ ತರುವವನು. ಪಕ್ಕದ ತಾಲ್ಲೂಕಿನಿಂದಲೋ ಪಕ್ಕದ ಜಿಲ್ಲೆಯಿಂದಲೋ 'ಗೆಸ್ಟ್ ಪ್ಲೇಯರ್' ಎಂದು ಕರೆಸಿ, ಹೋಗಿ ಬರುವ ಖರ್ಚು, ಊಟ, ಕೈಗಿಷ್ಟು ಎಂದು ಕೊಟ್ಟು ಆಡಿಸುವವನು. ಒಂದು ಸೀಸನ್ ಚೆನ್ನಾಗಿ ಆಡಿದನೋ, ಮುಗೀತು. 'ಇವನನ್ನ ಬಿಡಬಾರದು ಕಣ್ರೀ, ಮೂರು ವರ್ಷಕ್ಕೆ ಈಗಲೇ ಮಾತಾಡಿ ಮುಂಗಡ ಕೊಟ್ಟು ಕಟ್ಟಿಹಾಕಿ' ಎಂದು ಒಂದು ಗುಂಪು ಏಳುತ್ತದೆ. 'ಅಷ್ಟು ದುಡ್ಡು ಒಬ್ಬನಿಗೇ ಸುರಿದರೆ ಉಳಿದ ಹನ್ನೊಂದು ಹುಡುಗರಿಗೆ ಬನಿಯನ್ನೂ ಬರೋಲ್ಲ' ಎಂದು ಇನ್ನೊಂದು ಗುಂಪು. ಹೋಟೆಲಿನಲ್ಲಿ ಬೈಟು ಕಾಫಿ ಆರುವವರೆಗೂ ಇದೇ ಜಗಳ.

ಕಟ್ಟಿಹಾಕಬೇಕೋ, ಬಿಡಬೇಕೋ? ಇದು ಬರೀ ಹಳ್ಳಿ ಟೀಮಿನ ಪ್ರಶ್ನೆಯಲ್ಲ. ಕೋಟಿಗಟ್ಟಲೆ ಸುರಿದವರೂ ಇದೇ ಪ್ರಶ್ನೆಗೆ ತಲೆ ಕೊಟ್ಟಿದ್ದಾರೆ. ಕೆಲವರು ಗೆದ್ದಿದ್ದಾರೆ, ಕೆಲವರು ಕೈ ಸುಟ್ಟುಕೊಂಡಿದ್ದಾರೆ. ಅವರ ಲೆಕ್ಕವನ್ನು ನಾವು ಪುಕ್ಕಟೆಯಾಗಿ ನೋಡಬಹುದಲ್ಲ, ನೋಡೋಣ.

ಬೆಂಗಳೂರಿನವರು ಬಿಟ್ಟ ಕುದುರೆ

ಪ್ರೊ ಕಬಡ್ಡಿ ಶುರುವಾಗಿದ್ದು 2014ರಲ್ಲಿ. ನಮ್ಮ ರಾಜ್ಯದ ಹೆಸರಿನಲ್ಲಿ ಆಡುವ ತಂಡ ಬೆಂಗಳೂರು ಬುಲ್ಸ್. ಆ ತಂಡದ ಇತಿಹಾಸದಲ್ಲಿ ಒಂದು ಹೆಸರನ್ನು ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳಿದರೂ ಹೇಳುತ್ತಾರೆ: ಪವನ್ ಸೆಹ್ರಾವತ್.

2018ರ ಸೀಸನ್ನಿನಲ್ಲಿ ಪವನ್ ತಂದ ರೈಡ್ ಪಾಯಿಂಟ್ 271. ಆ ಸೀಸನ್ನಿನ ಫೈನಲ್ ನಡೆದದ್ದು 2019ರ ಜನವರಿ 5ರಂದು, ಮುಂಬಯಿಯಲ್ಲಿ, ಗುಜರಾತ್ ಮೇಲೆ. ಬುಲ್ಸ್ 38-33ರಲ್ಲಿ ಗೆದ್ದಿತು. ಆ 38ರಲ್ಲಿ 22 ಪವನ್ ಒಬ್ಬನವೇ! ಬೆಂಗಳೂರಿಗೆ ಮೊದಲ ಕಪ್ ಬಂತು. ಮುಂದಿನ ವರ್ಷ 2019ರಲ್ಲಿ 346 ಪಾಯಿಂಟ್. ಹರಿಯಾಣ ತಂಡದ ಮೇಲೆ ಒಂದೇ ಪಂದ್ಯದಲ್ಲಿ 39. 2020ರಲ್ಲಿ ಕೊರೋನ ಬಂದು ಆಟವೇ ನಡೆಯಲಿಲ್ಲ. 2021-22ರಲ್ಲಿ ಮತ್ತೆ 304. ಮೂರು ಸೀಸನ್ ಕೂಡಿಸಿದರೆ 921.

ಇಂಥವನನ್ನು ಯಾರಾದರೂ ಬಿಡುತ್ತಾರೆಯೆ? ಬಿಟ್ಟರು! 2022ರ ಆಗಸ್ಟ್ ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡ 2 ಕೋಟಿ 26 ಲಕ್ಷಕ್ಕೆ ಅವನನ್ನು ಹಾರಿಸಿಕೊಂಡು ಹೋಯಿತು. ಆಗ ಒಂದು ತಂಡಕ್ಕೆ ಆಟಗಾರರನ್ನು ಕೊಳ್ಳಲು ಇದ್ದ ಒಟ್ಟು ಗಂಟು 4 ಕೋಟಿ 40 ಲಕ್ಷ. ಅಂದರೆ ಅರ್ಧಕ್ಕಿಂತ ಜಾಸ್ತಿ ಒಬ್ಬನ ಕೊರಳಿಗೆ. ಬುಲ್ಸ್ ಮಾಲೀಕರಿಗೆ ಬೆಂಗಳೂರಿನ ಅಭಿಮಾನಿಗಳು ಬೈದ ಬೈಗುಳ ಇಲ್ಲಿ ಅಚ್ಚು ಹಾಕುವಂಥದ್ದಲ್ಲ.

ಮುಂದೇನಾಯಿತು? ಆ ಸೀಸನ್ 2022ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ಶುರುವಾಯಿತು. ತಲೈವಾಸ್‌ನ ಮೊದಲ ಪಂದ್ಯ. ಆಟ ಶುರುವಾಗಿ ಬಹಳ ಹೊತ್ತು ಆಗಿರಲಿಲ್ಲ, ಪವನ್ ಮಂಡಿ ಹಿಡಿದು ಬಿದ್ದ. ಹೊತ್ತುಕೊಂಡು ಹೊರಗೆ ಹೋದರು. ಆ ಸೀಸನ್ ಅಲ್ಲಿಗೇ ಮುಗಿಯಿತು. 2 ಕೋಟಿ 26 ಲಕ್ಷ ಬೆಂಚಿನ ಮೇಲೆ!

ಇನ್ನೂ ಸ್ವಾರಸ್ಯ ಮುಂದಿದೆ. ಪವನ್ ಇಲ್ಲದ ತಲೈವಾಸ್ ಮುಳುಗಿತೆ? ಇಲ್ಲ. ನರೇಂದರ್ ಎಂಬ ಹೊಸ ಹುಡುಗ ಜಾಗ ಸಿಕ್ಕಿದ್ದೇ ಸಾಕೆಂದು ನುಗ್ಗಿದ. ತಂಡ ತನ್ನ ಇತಿಹಾಸದಲ್ಲೇ ಮೊದಲ ಸಲ ಸೆಮಿಫೈನಲ್‌ಗೆ ಹೋಯಿತು. ಪವನ್‌ನನ್ನು ಬಿಟ್ಟ ಬುಲ್ಸ್ ಕೂಡ ಭರತ್ ಎಂಬ ಹುಡುಗನನ್ನು ಮುಂದಿಟ್ಟುಕೊಂಡು ಸೆಮಿಫೈನಲ್‌ಗೇ ಹೋಯಿತು. ಪವನ್ ಆಡಿಕೊಂಡಿದ್ದಿದ್ದರೆ ಆ ನರೇಂದರ್ ಬೆಂಚಿನಲ್ಲಿ ಟವೆಲ್ ಮಡಚಿಕೊಂಡು ಕೂತಿರುತ್ತಿದ್ದ ಎಂಬುದನ್ನು ಮರೆಯಬೇಡಿ.

2023ರ ಹರಾಜಿನಲ್ಲಿ ಪವನ್ ಬೆಲೆ ಇನ್ನೂ ಏರಿತು. ತೆಲುಗು ಟೈಟಾನ್ಸ್‌ನವರು 2 ಕೋಟಿ 60 ಲಕ್ಷದ 50 ಸಾವಿರ ಕೊಟ್ಟರು. ಒಟ್ಟು ಗಂಟು 5 ಕೋಟಿ. ಮತ್ತೆ ಅರ್ಧಕ್ಕಿಂತ ಜಾಸ್ತಿ. ಪವನ್ ಮೋಸ ಮಾಡಲಿಲ್ಲ, 202 ರೈಡ್ ಪಾಯಿಂಟ್ ತಂದ. ಆದರೆ ಟೈಟಾನ್ಸ್ 22 ಪಂದ್ಯ ಆಡಿ ಗೆದ್ದದ್ದು ಎರಡು. ಕೊನೆಯ ಸ್ಥಾನ! ಯಾಕೆ? ಕಬಡ್ಡಿ ಏಳು ಜನರ ಆಟ. ರೈಡರ್ ಔಟಾಗಿ ಹೊರಗೆ ಕೂತರೆ ಅವನನ್ನು ಮತ್ತೆ ಒಳಗೆ ತರಬೇಕಾದವರು ಉಳಿದ ಆರು ಜನ. ಎದುರಾಳಿಯ ರೈಡರ್‌ನನ್ನು ಹಿಡಿದು ಮಲಗಿಸಿದರೆ ತಾನೆ ಇವನು ಎದ್ದು ಬರುವುದು? ಅರ್ಧ ಗಂಟು ಒಬ್ಬನಿಗೆ ಹೋದ ಮೇಲೆ ಹಿಡಿಯುವವರಿಗೆ ಉಳಿದದ್ದು ಚಿಲ್ಲರೆ.

2025ರ ಹರಾಜಿನಲ್ಲಿ ಪವನ್ ಮತ್ತೆ ತಲೈವಾಸ್‌ಗೇ ಹೋದ. ಈ ಸಲದ ಬೆಲೆ 59 ಲಕ್ಷದ 50 ಸಾವಿರ. ಎರಡು ವರ್ಷದ ಹಿಂದಿನ ಬೆಲೆಯ ಕಾಲು ಭಾಗಕ್ಕೂ ಕಡಿಮೆ.

ಹುಡುಗನಿದ್ದಾಗ ಬಿಟ್ಟರು, ದಣಿದ ಮೇಲೆ ಕೊಂಡರು

ಇನ್ನೊಂದು ಕಥೆ ಕೇಳಿ. ಪ್ರದೀಪ್ ನರ್ವಾಲ್ ಹೆಸರು ಗೊತ್ತಲ್ಲ? ಪಟ್ನಾ ಪೈರೇಟ್ಸ್‌ಗೆ ಸಾಲಾಗಿ ಮೂರು ಕಪ್ ತಂದುಕೊಟ್ಟವನು. 2017ರ ಒಂದೇ ಸೀಸನ್ನಿನಲ್ಲಿ 369 ರೈಡ್ ಪಾಯಿಂಟ್ ಗಳಿಸಿದವನು. ಅವನು ಮೊದಲು ಆಡಿದ್ದು ಎಲ್ಲಿ ಬಲ್ಲಿರಾ? ನಮ್ಮ ಬೆಂಗಳೂರು ಬುಲ್ಸ್‌ನಲ್ಲೇ! 2015ರಲ್ಲಿ, ಹದಿನೆಂಟರ ಹುಡುಗನಾಗಿ. ಸರಿಯಾಗಿ ಆಡಲು ಅವಕಾಶ ಸಿಗಲಿಲ್ಲ. ಮುಂದಿನ ಸೀಸನ್ನಿಗೆ ಪಟ್ನಾದವರು ಕರೆದುಕೊಂಡು ಹೋದರು. ಆಮೇಲಿನದು ಚರಿತ್ರೆ.

ಅದೇ ಪ್ರದೀಪ್‌ನನ್ನು ಪಟ್ನಾದವರೂ ಒಂದು ದಿನ ಬಿಟ್ಟರು. 2021ರಲ್ಲಿ ಉತ್ತರ ಪ್ರದೇಶದ ತಂಡ 1 ಕೋಟಿ 65 ಲಕ್ಷ ಕೊಟ್ಟು ಕೊಂಡಿತು. ಪಟ್ನಾ ಹಾಳಾಯಿತೆ? ಅದೇ ಸೀಸನ್ನಿನಲ್ಲಿ ಪ್ರದೀಪ್ ಇಲ್ಲದೆ ಫೈನಲ್‌ಗೆ ಹೋಗಿ ಒಂದೇ ಒಂದು ಪಾಯಿಂಟಿನಲ್ಲಿ, 36-37ರಲ್ಲಿ, ದೆಹಲಿಗೆ ಸೋತಿತು. ಕೊನೆಗೆ 2024ರಲ್ಲಿ ಬುಲ್ಸ್‌ನವರು 70 ಲಕ್ಷ ಕೊಟ್ಟು ಪ್ರದೀಪ್‌ನನ್ನು ವಾಪಸು ಕರೆತಂದರು. ಆ ಸೀಸನ್ನಿನಲ್ಲಿ ಬುಲ್ಸ್‌ಗೆ ಸಿಕ್ಕಿದ್ದು ಕಟ್ಟಕಡೆಯ ಸ್ಥಾನ. 2025ರ ಹರಾಜಿನಲ್ಲಿ ಪ್ರದೀಪ್‌ನನ್ನು ಕೊಳ್ಳುವವರೇ ಇಲ್ಲ. ಅವನು ಆಟಕ್ಕೆ ಕೈ ಮುಗಿದ. ವಯಸ್ಸು ಬರೀ 28!

ಹದಿನೆಂಟಕ್ಕೆ ಕೈಯಲ್ಲಿದ್ದವನನ್ನು ಬಿಟ್ಟು ಇಪ್ಪತ್ತೇಳಕ್ಕೆ ಕೊಂಡದ್ದು. ಈ ಭಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀರೂರಿನಲ್ಲಿ ಅಮೃತಮಹಲ್ ಹೋರಿ ಕರುಗಳ ಹರಾಜು ಆಗುತ್ತದಲ್ಲ, ಹಾವೇರಿ, ದಾವಣಗೆರೆ ಕಡೆಯವರೂ ಬಂದು ಕೂಗುತ್ತಾರಲ್ಲ, ಅವರು ಕೊಳ್ಳೋದು ಏನನ್ನು? ಹಾಲುಹಲ್ಲಿನ ಕರುವನ್ನು. ಇನ್ನೂ ನೊಗ ಹೊರದ್ದನ್ನು. ಮನೆಯಲ್ಲಿ ಮೇಯಿಸಿ, ಪಳಗಿಸಿ ಹತ್ತು ವರ್ಷ ದುಡಿಸುತ್ತಾರೆ. ಬಾಯಿಗೂಡಿದ ಎತ್ತಿಗೆ ಹತ್ತು ವರ್ಷದ ಬೆಲೆ ಕೊಟ್ಟವನನ್ನು ಊರು ನಗುತ್ತದೆ. ಎತ್ತಿನ ಹಲ್ಲು ಹಿಡಿದು ನೋಡುವ ನಾವು ರೈಡರ್‌ನ ವಯಸ್ಸು ಮಾತ್ರ ಕೇಳುವುದಿಲ್ಲ!

ಹಾಕಿಯ ರೆಕ್ಕೆ

ಕಬಡ್ಡಿಯಲ್ಲಿ ರೈಡರ್ ಹೇಗೋ ಹಾಕಿಯಲ್ಲಿ ಬದಿಯಿಂದ ಓಡುವ ವಿಂಗರ್ ಹಾಗೆ. ಓಟವೇ ಅವನ ಬಂಡವಾಳ. ನಮ್ಮ ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅಂಥವರಲ್ಲಿ ಮೊದಲ ಸಾಲಿನವರು. ಭಾರತಕ್ಕೆ 264 ಪಂದ್ಯ ಆಡಿದರು, 72 ಗೋಲು ಹೊಡೆದರು. 2012ರ ಲಂಡನ್, 2016ರ ರಿಯೊ, ಎರಡು ಒಲಿಂಪಿಕ್ಸ್. 2014ರ ಏಷ್ಯನ್ ಕ್ರೀಡೆಯ ಚಿನ್ನ. 2017ರಲ್ಲಿ ಅರ್ಜುನ ಪ್ರಶಸ್ತಿ.

2018ರ ಕೊನೆಯಲ್ಲಿ ಭುವನೇಶ್ವರದಲ್ಲಿ ವಿಶ್ವಕಪ್. ಸ್ವಂತ ದೇಶದಲ್ಲಿ, ಸ್ವಂತ ಜನರೆದುರು ಆಡುವ ಭಾಗ್ಯ. ಅದಕ್ಕೆ ಮುಂಚೆ ತರಬೇತಿ ಶಿಬಿರದಲ್ಲೇ ಸುನಿಲ್ ಮಂಡಿಗೆ ಪೆಟ್ಟು. ವಿಶ್ವಕಪ್ ತಪ್ಪಿತು. ಟೋಕಿಯೊ ಒಲಿಂಪಿಕ್ಸ್ ತಂಡದಲ್ಲೂ ಜಾಗ ಸಿಗಲಿಲ್ಲ. 2021ರ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು.

ಸುನಿಲ್ ಹಾಕಿ ಇಂಡಿಯಾ ಲೀಗ್‌ನಲ್ಲಿ ಪಂಜಾಬ್ ವಾರಿಯರ್ಸ್ ತಂಡದಲ್ಲಿದ್ದರು. ಆ ತಂಡ 2016ರಲ್ಲಿ ಚಾಂಪಿಯನ್ ಆಯಿತು. ಆಗ ಯಾರಾದರೂ ಐದು ವರ್ಷದ ಕರಾರು ಬರೆದುಕೊಂಡಿದ್ದರೆ ಏನಾಗುತ್ತಿತ್ತು? 2017ರ ನಂತರ ಲೀಗೇ ನಿಂತುಹೋಯಿತು! ಮತ್ತೆ ಶುರುವಾಗಿದ್ದು 2024ರ ಡಿಸೆಂಬರ್‌ನಲ್ಲಿ. ಆಟಗಾರನ ಮಂಡಿಯೊಂದೇ ಅಲ್ಲ, ಆಟ ನಡೆಸುವವರ ಮಂಡಿಯೂ ಬಲವಾಗಿರಬೇಕು. ದೀರ್ಘ ಕರಾರು ಎಂದರೆ ಎರಡೂ ಕಡೆಯವರು ಬದುಕಿರುತ್ತೇವೆ ಎಂಬ ನಂಬಿಕೆ. ನಮ್ಮ ತಾಲ್ಲೂಕಿನ ಎಷ್ಟು ಯುವಕ ಸಂಘಗಳು ಮೂರು ವರ್ಷ ಒಡೆಯದೆ ಉಳಿದಿವೆ, ನೀವೇ ಬೆರಳು ಮಡಚಿ ನೋಡಿ.

ಹಿಂದಿನ ಕಾಲದಲ್ಲಿ ಆಟಗಾರನ ದೀರ್ಘ ಕರಾರು ಎಂದರೆ ನೌಕರಿ. ವಿಜಯಾ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಇಂಥವು ಕಬಡ್ಡಿ ಹುಡುಗರಿಗೆ ಕೆಲಸ ಕೊಟ್ಟು ಟೀಮು ಕಟ್ಟಿದ್ದವು. ಮಂಡಿ ಹೋದರೂ ಕೌಂಟರಿನ ಹಿಂದೆ ಕುರ್ಚಿ ಇರುತ್ತಿತ್ತು. 2017ರಲ್ಲಿ ಮೈಸೂರು ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ನಮ್ಮ ಹುಡುಗರು ಕಣ್ಣಿಟ್ಟಿದ್ದ ಎರಡು ಬಾಗಿಲು ಹೀಗೆ ಮುಚ್ಚಿದವು. ಹರಾಜಿನಲ್ಲಿ ಕೋಟಿ ಉಂಟು, ಕುರ್ಚಿ ಇಲ್ಲ.

ಅಂಗಡಿಯವರ ಲೆಕ್ಕ

ಈಗ ನಮ್ಮೂರಿಗೆ ಬರೋಣ. ಮಾತಿಗೊಂದು ಲೆಕ್ಕ ಇಟ್ಟುಕೊಳ್ಳಿ. ಪಾಯಿಂಟ್ ತರುವ ರೈಡರ್ ಒಬ್ಬ ಹೇಳುತ್ತಾನೆ: 'ಮೂರು ವರ್ಷಕ್ಕೆ ಬರೆದುಕೊಟ್ಟರೆ ವರ್ಷಕ್ಕೆ 30,000. ಆಡಲಿ ಬಿಡಲಿ 90,000 ನನ್ನದು. ವರ್ಷ ವರ್ಷ ಮಾತಾಡೋದಾದರೆ ಮೊದಲ ವರ್ಷ 35,000, ಆಮೇಲೆ 40,000, ಮೂರನೇ ವರ್ಷ 45,000.'

ಮೂರು ವರ್ಷವೂ ಅವನು ಗಟ್ಟಿಯಾಗಿ ಆಡಿದ ಎನ್ನಿ. ವರ್ಷ ವರ್ಷದ ಲೆಕ್ಕದಲ್ಲಿ 1,20,000 ಆಗುತ್ತದೆ. ಮೂರು ವರ್ಷದ ಕರಾರಿನಿಂದ ಊರಿಗೆ ಉಳಿತಾಯ 30,000. ಸಂತೋಷ. ಮೊದಲ ವರ್ಷದಲ್ಲೇ ಮಂಡಿ ಹೋಯಿತು ಎನ್ನಿ. ವರ್ಷದ ಲೆಕ್ಕದಲ್ಲಿ ಹೋದದ್ದು 35,000, ಕರಾರಿನಲ್ಲಿ ಹೋದದ್ದು 90,000. ನಷ್ಟ 55,000. ಎರಡನೇ ವರ್ಷ ಹೋದರೆ ನಷ್ಟ 15,000.

ಅಡಿಕೆ ತೋಟ ಚೇಣಿ ಹಿಡಿಯುವ ತರೀಕೆರೆ ಕಡೆಯವರಿಗೆ ಈ ಮಾತು ಬಾಯಿಪಾಠ. ಗೊನೆ ನೋಡಿ, ಮಳೆ ನೋಡಿ, ಆ ವರ್ಷದ ಫಸಲಿಗೆ ಚೇಣಿ ಹಿಡಿಯುತ್ತಾರೆ. ಮೂರು ವರ್ಷದ ಫಸಲಿಗೆ ಇಂದೇ ದುಡ್ಡು ಎಣಿಸು ಎಂದರೆ ಎಣಿಸುವವನು ಒಂದೋ ಬಹಳ ಸಾಹುಕಾರ, ಇಲ್ಲವೇ ಬಹಳ ಅವಸರದವನು. ಸಾಹುಕಾರನಿಗಾದರೆ ಹತ್ತು ತೋಟ ಇರುತ್ತವೆ, ಒಂದರಲ್ಲಿ ಹೋದರೆ ಇನ್ನೊಂದರಲ್ಲಿ ಬರುತ್ತದೆ. ನಮ್ಮ ಟೀಮಿಗೆ ಇರುವುದು ಒಂದೇ ತೋಟ. ಅದರಲ್ಲಿ ಇರುವುದು ಒಂದೇ ಮರ!

'ಹಾಗಾದರೆ ಒಳ್ಳೇ ರೈಡರ್‌ನ ಪಕ್ಕದೂರಿನವರು ಹೊಡಕೊಂಡು ಹೋಗ್ತಾರಲ್ಲ ಸ್ವಾಮಿ?' ಎಂಬ ಪ್ರಶ್ನೆ ಬರುತ್ತದೆ. ಅದರಲ್ಲಿ ಹುರುಳಿದೆ. ಪವನ್‌ನನ್ನು ಬಿಟ್ಟ ಬುಲ್ಸ್ ಒಂದು ಸೀಸನ್ ಚೆನ್ನಾಗಿ ಆಡಿತು. ಆಮೇಲೆ ಜಾರಿತು. 2024ರಲ್ಲಿ ಪಾತಾಳ ಸೇರಿತು. ಬಿಡುವುದೇ ಜಾಣತನ ಎಂದು ಇದರಿಂದ ಹೇಳಲಾಗುವುದಿಲ್ಲ. ಬಿಟ್ಟ ಮೇಲೆ ಆ ಜಾಗಕ್ಕೆ ಯಾರನ್ನು ಬೆಳೆಸಿದಿರಿ ಎಂಬುದೇ ಪ್ರಶ್ನೆ.

ಬೆಳೆಸಿದವರ ಉದಾಹರಣೆಯೂ ಇದೆ. ಕರ್ನಾಟಕದವರೇ ಆದ ಬಿ.ಸಿ. ರಮೇಶ್ ತರಬೇತಿ ಕೊಟ್ಟ ಪುಣೆ ತಂಡ 2024ರ ಮಾರ್ಚ್ 1ರಂದು ಕಪ್ ಗೆದ್ದಿತು. ಅಲ್ಲಿ ರೈಡಿಂಗ್ ಒಬ್ಬನ ತಲೆ ಮೇಲೆ ಇರಲಿಲ್ಲ. ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಹೀಗೆ ಹಂಚಿತ್ತು. ಒಬ್ಬ ಕೂತರೆ ಇನ್ನೊಬ್ಬ ಏಳುತ್ತಿದ್ದ. ಅವರೂ ದೊಡ್ಡ ದುಡ್ಡು ಕೊಟ್ಟು ಇರಾನಿನ ಶಾದ್ಲೂಯಿಯನ್ನು 2 ಕೋಟಿ 35 ಲಕ್ಷಕ್ಕೆ ತಂದಿದ್ದರು, ಸುಳ್ಳು ಹೇಳುವುದಿಲ್ಲ. ಆದರೆ ಅವನು ಮುಖ್ಯವಾಗಿ ಹಿಡಿಯುವವನು. ಗೋಡೆ ಕಟ್ಟಿ ಆಗಿತ್ತು, ಬಾಗಿಲಿಗೆ ತೇಗ ತಂದರು. ನಾವು ಗೋಡೆ ಇಲ್ಲದೆ ತೇಗದ ಬಾಗಿಲು ತಂದು ಬಯಲಿನಲ್ಲಿ ನಿಲ್ಲಿಸುತ್ತೇವೆ!

ಹೀಗೆ ಮಾಡಿದರೆ ಹೇಗೆ?

ಸುಮ್ಮನೆ ಟೀಕೆ ಮಾಡಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಮೂರೂ ತಾಲ್ಲೂಕಿನ ಸಂಘಗಳವರು ಈ ಮಾತುಗಳನ್ನು ಯೋಚಿಸಿ ನೋಡಲಿ.

ಒಂದು: ಬೇರೆ ಊರಿನ ಬೆಳೆದ ರೈಡರ್‌ಗೆ ಒಂದೇ ಸೀಸನ್ನಿನ ಕರಾರು. ಕರಾರಿನಲ್ಲಿ ಒಂದು ಸಾಲು ಬರೆಸಿ: 'ಮುಂದಿನ ವರ್ಷ ಬೇರೆಯವರು ಎಷ್ಟು ಕೊಡುತ್ತೇವೆಂದರೂ, ಅಷ್ಟನ್ನೇ ನಾವು ಕೊಟ್ಟರೆ ಮೊದಲ ಹಕ್ಕು ನಮ್ಮದು.' ಪ್ರೊ ಕಬಡ್ಡಿ ಹರಾಜಿನಲ್ಲೂ ಇದೇ ಏರ್ಪಾಡಿದೆ. ಕೊನೆಯ ಕೂಗು ಎಷ್ಟಕ್ಕೆ ನಿಲ್ಲುತ್ತದೋ ಅಷ್ಟನ್ನೇ ಕೊಟ್ಟು ಹಳೆಯ ತಂಡದವರು ಆಟಗಾರನನ್ನು ಉಳಿಸಿಕೊಳ್ಳಬಹುದು. 2024ರಲ್ಲಿ ಟೈಟಾನ್ಸ್‌ನವರು ಪವನ್‌ನನ್ನು ಹೀಗೆಯೇ 1 ಕೋಟಿ 72 ಲಕ್ಷದ 50 ಸಾವಿರಕ್ಕೆ ಉಳಿಸಿಕೊಂಡರು. ಹಿಂದಿನ ಬೆಲೆಗಿಂತ 88 ಲಕ್ಷ ಕಡಿಮೆ!

ಎರಡು: ಚಂದಾ ಗಂಟಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಒಬ್ಬನಿಗೆ ಹೋಗಕೂಡದು.

ಮೂರು: ಮೂರು ವರ್ಷದ ಮಾತನ್ನು ಆಡುವುದಾದರೆ ಊರಿನ ಹದಿನಾರು ಹದಿನೆಂಟರ ಹುಡುಗರ ಜೊತೆ ಆಡಿ. ಅವರಿಗೆ ಬೇಕಾದದ್ದು ಮೂವತ್ತು ಸಾವಿರ ಅಲ್ಲ. ಒಂದು ಜೊತೆ ಒಳ್ಳೆ ಶೂ, ಬೆಳಿಗ್ಗೆ ಎರಡು ಮೊಟ್ಟೆ, ಅಭ್ಯಾಸಕ್ಕೆ ಬರಲು ಬಸ್ ಪಾಸು, ಪರೀಕ್ಷೆ ಫೀಸು. ಅಜ್ಜಂಪುರದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿರಬೇಕು. ಅಮೃತಮಹಲ್ ತಳಿ ಇಂದಿಗೂ ಉಳಿದಿರುವುದು ಯಾರೋ ಹೊರಗಿನಿಂದ ಕೊಂಡು ತಂದದ್ದರಿಂದಲ್ಲ, ಮೈಸೂರು ಅರಸರ ಕಾಲದಿಂದ ಕಾವಲು ಕಾಯ್ದು ತಲೆಮಾರಿನಿಂದ ತಲೆಮಾರಿಗೆ ಸಾಕಿದ್ದರಿಂದ.

ನಾಲ್ಕು, ಎಲ್ಲಕ್ಕಿಂತ ಮುಖ್ಯ: ಒಂದು ವರ್ಷದ ಕರಾರು ಊರಿಗೆ ಲಾಭ, ಆದರೆ ಬಿದ್ದ ಹುಡುಗನಿಗೆ ಅನ್ಯಾಯ ಆಗಬಾರದು. ಮಂಡಿಯೊಳಗಿನ ಲಿಗಮೆಂಟ್ ಹರಿದು ಆಪರೇಷನ್ ಆದರೆ ಮತ್ತೆ ಅಂಕಣಕ್ಕೆ ಇಳಿಯಲು ಎಂಟು ಒಂಬತ್ತು ತಿಂಗಳು ಬೇಕು. ಗಾರೆ ಕೆಲಸಕ್ಕೋ ಹಮಾಲಿಗೋ ಹೋಗುವ ಹುಡುಗನಾದರೆ ಅಷ್ಟು ದಿನ ಮನೆಗೆ ಕೂಳಿಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಬ್ಯಾಂಕಿನಲ್ಲಿ ಸಿಗುತ್ತದೆ, ಎಲ್ಲ ಆಟಗಾರರಿಗೂ ಮಾಡಿಸಿ. ಆದರೆ ಅದು ಅಪಘಾತದಲ್ಲಿ ಸತ್ತರೆ ಅಥವಾ ಅಂಗವೈಕಲ್ಯ ಆದರೆ ಬರುವ ದುಡ್ಡು, ಆಪರೇಷನ್ ಖರ್ಚಿಗೆ ಬರುವುದಿಲ್ಲ. ಆದ್ದರಿಂದ ಚಂದಾದಲ್ಲಿ ಒಂದು ಪಾಲನ್ನು ಬೇರೆ ತೆಗೆದಿಡಿ. 'ಮಂಡಿ ನಿಧಿ' ಎಂದೇ ಹೆಸರಿಡಿ. ನಮ್ಮೂರ ಹೆಸರಿನ ಬನಿಯನ್ ತೊಟ್ಟು ಬಿದ್ದವನಿಗೆ, ಅವನು ಯಾವ ಊರಿನವನೇ ಆಗಲಿ, ಅದರಿಂದ ಕೊಡಿ.

ಐದು: ಲೆಕ್ಕವನ್ನು ಬರೆದು ಪಂದ್ಯದ ಮೈದಾನದಲ್ಲಿ ಬೋರ್ಡಿಗೆ ಹಚ್ಚಿ. ರೈಡರ್‌ಗೆ ಎಷ್ಟು, ಲೈಟಿಗೆ ಎಷ್ಟು, ಅತಿಥಿಗಳ ಹಾರಕ್ಕೆ ಎಷ್ಟು, ಹುಡುಗರಿಗೆ ಎಷ್ಟು. ಕೊಟ್ಟವರು ಓದಿಕೊಳ್ಳಲಿ.

ರೈಡರ್‌ನನ್ನು ದೂರುವ ಉದ್ದೇಶ ಇಲ್ಲಿಲ್ಲ. ಮೂರು ವರ್ಷ ಕೇಳುವುದು ಅವನ ಹಕ್ಕು. ಅವನಿಗಿರುವುದು ಎರಡು ಮಂಡಿ, ಅವು ಓಡುವುದು ಎಂಟೋ ಹತ್ತೋ ವರ್ಷ. ಅಷ್ಟರಲ್ಲಿ ಅವನು ದುಡಿದುಕೊಳ್ಳಬೇಕು. ಪವನ್ ಬೆಲೆ ಎರಡು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಇಳಿಯಿತೆಂದು ನೋಡಿದಿರಲ್ಲ? ಕೇಳುವುದು ಅವನ ಕೆಲಸ, ಲೆಕ್ಕ ಹಾಕುವುದು ನಮ್ಮ ಕೆಲಸ.

ಹಾಗಾಗಿ ಅಂಗಡಿ ಮಾಲೀಕರೇ, ಈ ಸಲ ಚಂದಾ ಪುಸ್ತಕ ಬಂದಾಗ ಬರೆಯಿರಿ, ಬರೆಯದೆ ಇರಬೇಡಿ. ಆದರೆ ಪೆನ್ನು ತೆಗೆಯುವ ಮುಂಚೆ ಎರಡು ಮಾತು ಕೇಳಿ. 'ರೈಡರ್‌ಗೆ ಎಷ್ಟು ವರ್ಷದ ಮಾತು ಕೊಟ್ಟಿದ್ದೀರಪ್ಪ? ನಮ್ಮೂರ ಹುಡುಗರು ಎಷ್ಟು ಜನ ಅಂಕಣಕ್ಕೆ ಇಳೀತಾರೆ?' ಎರಡನೇ ಪ್ರಶ್ನೆಗೆ ಅವರು ತಲೆ ಕೆರೆದುಕೊಂಡರೆ, ಮೊದಲನೆಯದಕ್ಕೆ ಉತ್ತರ ಕೇಳುವ ಅಗತ್ಯವೇ ಇಲ್ಲ.